ಬಾಸ್ತಿಯಾನಾ ಬಾಯಿ ಬಿಟ್ಟ ಭಾನುವಾರ

ನಮ್ಮ ಅತ್ತಿಗೆ ಬಾಸ್ತಿಯಾನಾಳ ಹೆಸರು ಯಾವ ಗೋಡೆಯ ಮೇಲೂ ದಪ್ಪಕ್ಷರದಲ್ಲಿ ಬಂದದ್ದಿಲ್ಲ. ಅವಳು ಹಿಂದೆ ನಿಂತು ಹಾಡುವವಳು. ಕುಣಿಯುವವಳ ಹೆಸರು ಗೋಡೆಗೆ, ಫೋಟೊ ಪೇಪರಿಗೆ, ಹೂವು ಕೈಗೆ. ಹಿಂದಿನವಳಿಗೆ ಒಂದು ಕುರ್ಚಿ, ಒಂದು ಲೋಟ ವೈನು. ಅದಕ್ಕೆ ಅವಳು ಯಾವತ್ತೂ ಮುಖ ಊದಿಸಿಕೊಂಡವಳಲ್ಲ. "ಅವಳ ಕಾಲಿಗೆ ಊಟ ಹಾಕೋಳು ನಾನು ಕಣೇ ಕಸಿಲ್ದಾ. ಗೋಡೆಗೆ ಯಾರು ಅಂಟ್ಕೊಂಡ್ರೆ ನಂಗೇನು?" ಎನ್ನುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ತಾಳಕ್ಕೆ ಚಪ್ಪಾಳೆ ಹಾಕುವವಳು ನಾನು. ಗಿಟಾರು ನಮ್ಮಣ್ಣ ನಿಕಾಸಿಯೊನದು, ಅಂದರೆ ಅವಳ ಗಂಡನದು. ಒಂದೇ ವಠಾರ, ಒಂದೇ ಬಾವಿಕಟ್ಟೆ, ಊರೂರು ತಿರುಗಿದ್ದೂ ಒಂದೇ ವ್ಯಾನಿನಲ್ಲಿ.

ನಮ್ಮ ಫ್ಲಮೆಂಕೊ ಕುಣಿತ ಅಂದರೆ ಕಾಲಿನ ಸದ್ದು ಎಂದು ತಿಳಿದವರು ಬಹಳ. ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕೂತು ಮೊಳೆ ಹೊಡೆದ ಬೂಟನ್ನೇ ನೋಡಿಕೊಂಡು ಹೋಗುತ್ತಾರೆ, ಹೋಗಲಿ ಬಿಡಿ. ಕುಣಿಯುವವಳು ಹಲಗೆಯ ಮೇಲೆ ಕಾಲು ಅಪ್ಪಳಿಸಿ ಹಾಡನ್ನು ಕರೆಯುತ್ತಾಳೆ. ಹಿಂದಿನವಳು ಒಂದು ಸಾಲು ಕೊಡುತ್ತಾಳೆ. ಆ ಸಾಲನ್ನು ಎಷ್ಟು ಎಳೆಯುತ್ತಾಳೆ, ಎಲ್ಲಿ ಉಸಿರು ಕಡಿಯುತ್ತಾಳೆ ಎಂಬುದು ಹಾಡುವವಳಿಗೇ ಗೊತ್ತಿರುವುದಿಲ್ಲ. ಕುಣಿಯುವವಳು ಬೆನ್ನಿನಿಂದ ಕೇಳಿಸಿಕೊಳ್ಳಬೇಕು. ಸಾಲು ಮುಗಿಯುವ ಜಾಗದಲ್ಲೇ ಅವಳ ಕಾಲು ಬೀಳಬೇಕು. ಬಿದ್ದರೆ ನಮ್ಮ ಸಾಂತಿಯಾಗೊ ಕೇರಿಯ ಮುದುಕರು "ಓಲೇ" ಎಂದು ತೊಡೆ ತಟ್ಟುತ್ತಾರೆ. ಬೀಳದಿದ್ದರೆ ಕೆಮ್ಮುತ್ತಾರೆ. ಆ ಕೆಮ್ಮು ಕೇಳುವುದಕ್ಕಿಂತ ಬೈಸಿಕೊಳ್ಳುವುದು ವಾಸಿ.

ಬಾಸ್ತಿಯಾನಾಳ ತಂಗಿ ಹೆರಿಗೆಯಲ್ಲಿ ಹೋದಳು. ಉಳಿದ ಕೂಸು ನೊಯೆಲಿಯಾಳನ್ನು ಇವಳೇ ಎತ್ತಿಕೊಂಡು ಬಂದಳು. ಆಗ ಇವಳ ಮಗ ಅಮಾದೋರ್ ಇನ್ನೂ ತೊಟ್ಟಿಲಲ್ಲಿದ್ದ. ಎರಡನ್ನೂ ಒಂದೇ ಎದೆಯಲ್ಲಿ ಸಾಕಿದಳು. ನೊಯೆಲಿಯಾ ಯಾವ ಶಾಲೆಗೂ ಹೋಗಿ ಕುಣಿತ ಕಲಿತವಳಲ್ಲ. ಅಂಗಳದ ನಿಂಬೆ ಮರದಡಿ ಬಾಸ್ತಿಯಾನಾ ಬಟ್ಟೆ ಒಗೆಯುತ್ತಾ ಹಾಡುವಳು, ಹುಡುಗಿ ಕಲ್ಲಿನ ಮೇಲೆ ಕಾಲು ಬಡಿಯುವಳು. ತಪ್ಪಿದರೆ ಒದ್ದೆ ಬಟ್ಟೆಯಿಂದ ಬೆನ್ನಿಗೆ ಒಂದು ಬೀಳುತ್ತಿತ್ತು. ಅಮಾದೋರ್ ಅಂತೂ ಹುಟ್ಟು ಗಲಾಟೆ. ತಟ್ಟೆ, ಬಾಗಿಲು, ನನ್ನ ತಲೆ, ಕೈಗೆ ಸಿಕ್ಕಿದ್ದರ ಮೇಲೆಲ್ಲ ತಾಳ ಹಾಕುವವನು. ಸ್ನಾನಕ್ಕೆ ಹೋದರೂ ರೇಡಿಯೊ ಬೇಕು. "ಈ ಮನೇಲಿ ಯಾಕೆ ಇಷ್ಟು ಸೈಲೆಂಟು, ಯಾರಾದ್ರೂ ಸತ್ತಿದಾರಾ?" ಎಂದು ಕಿರುಚಿಕೊಂಡೇ ಬಾಗಿಲು ತೆರೆಯುತ್ತಿದ್ದ.

ಅವನೇ ಸತ್ತ. ತ್ರೆಬುಹೇನಾ ರಸ್ತೆಯಲ್ಲಿ ಮೋಟರ್‌ಬೈಕಿನಿಂದ ಬಿದ್ದು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ನಾವು ಹಿತಾನೋ ಜನ, ಜಿಪ್ಸಿಗಳು; ನಮ್ಮಲ್ಲಿ ಶೋಕ ಅಂದರೆ ಶೋಕವೇ, ಹಾಡಿನ ಸದ್ದು ಕೂಡದು. ಬಾಸ್ತಿಯಾನಾ ಕಪ್ಪು ಉಟ್ಟಳು. ಟೀವಿಯನ್ನು ಗೋಡೆಗೆ ಮುಖ ಮಾಡಿ ಇಟ್ಟರು. ರೇಡಿಯೊ ಯಾರಿಗೋ ಹೋಯಿತು. ನಿಕಾಸಿಯೊ ಗಿಟಾರಿನ ತಂತಿ ಸಡಿಲ ಮಾಡಿ, ಕಪ್ಪು ಬಟ್ಟೆಯಲ್ಲಿ ಸುತ್ತಿ, ಕಪಾಟಿನ ಮೇಲೆ ಮಲಗಿಸಿದ. ಪಂಜರದಲ್ಲಿ ಅಮಾದೋರ್ ಸಾಕಿದ್ದ ಕನೇರಿ ಹಕ್ಕಿ ಇತ್ತು. ಅದಕ್ಕೆ ಶೋಕ ಗೊತ್ತಾಗಬೇಕಲ್ಲ, ಬೆಳಗಾದರೆ ಹಾಡುತ್ತಿತ್ತು. ಬಾಸ್ತಿಯಾನಾ ಅದನ್ನು ತಂದು ನನ್ನ ಕೈಗೆ ಕೊಟ್ಟು, "ಒಯ್ಯಿ, ನಿಕಾಸಿಯೊಗೆ ಕೇಳಿಸ್ಬಾರ್ದು" ಎಂದಳು. ಅಂದಿನಿಂದ ಅವಳೂ ಬಾಯಿಗೆ ಬೀಗ ಹಾಕಿದಳು.

ಹೊಟ್ಟೆಪಾಡಿಗೆ ದೊಡ್ಡ ಮನೆಗಳ ಮೆಟ್ಟಿಲು ಉಜ್ಜಲು ಹೋಗುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದೆ. ಬ್ರಶ್ಶು ಹಿಡಿದ ಕೈ ತನ್ನಷ್ಟಕ್ಕೆ ತಾಳ ಹಿಡಿಯಿತು. ಅವಳಿಗೆ ಗೊತ್ತಾಗಿ, ಹಾವು ಮುಟ್ಟಿದವಳ ಹಾಗೆ ಕೈ ಎಳೆದುಕೊಂಡು, ಬೇಕೆಂದೇ ಅಡ್ಡಾದಿಡ್ಡಿ ಉಜ್ಜತೊಡಗಿದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಕ್ರಿಸ್ಮಸ್ಸಿಗೆ ಇಡೀ ಕೇರಿ ಬೀದಿಯಲ್ಲಿ ಬೆಂಕಿ ಹಾಕಿ ಹಾಡುವಾಗ ಇವಳ ಕಿಟಕಿ ಮುಚ್ಚಿರುತ್ತಿತ್ತು. ಒಂದು ವರ್ಷ ಹೋಯಿತು, ಎರಡು ಹೋದವು, ಆರೇಳು ವರ್ಷವೇ ಹೋಯಿತು. ಎಷ್ಟು ಕಾಲ ಎಂದು ಕೇಳುವ ಧೈರ್ಯ ಯಾರಿಗಿದೆ? ಮಗನನ್ನು ಕಳೆದುಕೊಂಡವರಿಗೆ ಬೇರೆಯವರು ಲೆಕ್ಕ ಹೇಳುವುದು ನಮ್ಮಲ್ಲಿಲ್ಲ.

ನೊಯೆಲಿಯಾಳಿಗೆ ಮಾತ್ರ ವರ್ಷ ತುಂಬಿದ ಮೇಲೆ ಇವಳೇ ಹೇಳಿದಳು, "ನೀನು ಹೋಗು, ಕುಣಿ. ನಿನ್ನ ವಯಸ್ಸು ಕಾಯೋದಿಲ್ಲ." ಹೋದಳು. ಸೆವಿಲ್ಲಾದಿಂದ ರುಬೇನ್ ಎಂಬ ಹಾಡುಗಾರನನ್ನು ಕರೆಸಿಕೊಂಡಳು. ಒಳ್ಳೆ ಗಂಟಲು, ನಾನು ಸುಳ್ಳು ಹೇಳಲ್ಲ. ಆದರೆ ಅವನ ಹಾಡಿಗೆ ನೊಯೆಲಿಯಾ ಕುಣಿದರೆ ಬಾಡಿಗೆ ಮನೆ ಗುಡಿಸಿದ ಹಾಗಿರುತ್ತಿತ್ತು. ಎಲ್ಲವೂ ಚೊಕ್ಕಟ, ಯಾವುದೂ ಅವಳದಲ್ಲ. ಸಾಲು ಮುಗಿಯುವ ಮೊದಲೇ ಕಾಲು ಬೀಳುತ್ತಿತ್ತು, ಇಲ್ಲವೇ ಮುಗಿದ ಮೇಲೆ. ಮುದುಕರು ಕೆಮ್ಮಿದರು. ಆಮೇಲೆ ಕರೆಯುವವರೇ ಕಡಿಮೆಯಾದರು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಮಧ್ಯಾಹ್ನ ನೊಯೆಲಿಯಾ ಬಂದು ಬಾಸ್ತಿಯಾನಾಳ ಅಡುಗೆಮನೆಯಲ್ಲಿ ಕೂತಳು. ನಾನು ಅಲ್ಲೇ ಕಡಲೆ ಆರಿಸುತ್ತಿದ್ದೆ.

"ದೊಡ್ಡಮ್ಮ, ಭಾನುವಾರ ನಮ್ಮ ಕೇರಿಯ ಫ್ಲಮೆಂಕೊ ಕೂಟದಲ್ಲಿ ನನ್ನ ಕುಣಿತ ಇದೆ. ದೊಡ್ಡ ಉತ್ಸವಕ್ಕೆ ಕುಣಿಯೋರನ್ನ ಆರಿಸೋರು ಬರ್ತಾರೆ. ಇದೇ ಕೊನೇದು."

"ಕೊನೇದು ಅಂದ್ರೆ?"

"ಮಯೋರ್ಕಾ ದ್ವೀಪದಲ್ಲಿ ಹೋಟೆಲಿನ ರೂಮು ಗುಡಿಸೋ ಕೆಲಸ ಸಿಕ್ಕಿದೆ. ಭಾನುವಾರ ಆಗ್ಲಿಲ್ಲ ಅಂದ್ರೆ ಸೋಮವಾರ ಹೊರಟೆ. ಬೂಟು ತಿಪ್ಪೆಗೆ."

"ಹುಚ್ಚು ಹಿಡಿದಿದೆಯಾ ನಿಂಗೆ?"

"ಹಿಡಿದಿದೆ. ನೀನು ನನ್ನ ಹಿಂದೆ ನಿಂತ್ಕೊಂಡು ಹಾಡು ದೊಡ್ಡಮ್ಮ. ಒಂದೇ ಒಂದು ಸಲ. ನಿನ್ನ ದನಿ ಇಲ್ದೆ ನನ್ನ ಕಾಲು ಕಿವುಡಾಗಿದೆ."

ಒಲೆಯ ಮೇಲಿನ ಸೊಪ್ಪಿನ ಸಾರು ಉಕ್ಕಿ ಸುರಿಯಿತು, ಬಾಸ್ತಿಯಾನಾ ಅದನ್ನು ನೋಡಲೇ ಇಲ್ಲ. ನೊಯೆಲಿಯಾ ಹೋದ ಮೇಲೆ ನನ್ನ ತೋಳು ಹಿಡಿದುಕೊಂಡಳು. "ಒಬ್ಬನ್ನ ಮಣ್ಣಿಗೆ ಕೊಟ್ಟೆ. ಇವಳನ್ನೂ ಹಡಗು ಹತ್ತಿಸ್ಲಾ ಕಸಿಲ್ದಾ?" ಎಂದಳು. ಅವಳ ಉಗುರು ನನ್ನ ಚರ್ಮಕ್ಕೆ ನಾಟಿತ್ತು.

ಮರುದಿನ ನಮ್ಮ ಕುಲದ ಹಿರಿಯ ಎಲೋಯ್ ಮಾವನ ಹತ್ತಿರ ಹೋದೆವು. ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಹಸಿ ಅವರೆಕಾಯಿ ಸುಲಿದು ತಿನ್ನುತ್ತಿದ್ದರು. ಶೋಕ ಬಿಟ್ಟು ಹಾಡಬಹುದೇ ಎಂಬ ಮಾತು ಕೇಳಿ, ಬಾಯಲ್ಲಿದ್ದುದನ್ನು ಅಗಿದು ನುಂಗಿದರು.

"ನನ್ನ ಒಪ್ಪಿಗೆ ಇದೆ ಅಂದ್ಕೋಮ್ಮ. ಹಾಡಿದ್ರೆ ಸತ್ತೋನು ಬೇಜಾರು ಮಾಡ್ಕೊಳಲ್ಲ. ಆದ್ರೆ ಬದುಕಿರೋನು ಒಬ್ಬ ಇದಾನಲ್ಲ, ನಿಕಾಸಿಯೊ. ತಂದೆ ಅವನು. ಅವನ್ನ ಕೇಳು."

"ಏನಂತ ಕೇಳ್ಲಿ ಮಾವ? ನಿನ್ನ ಮಗ ಸತ್ತು ಸಾಕಷ್ಟು ದಿನ ಆಯ್ತು, ಇನ್ನು ನಾನು ಹಾಡ್ತೀನಿ ಅಂತಲಾ?"

ಅವರು ಇನ್ನೊಂದು ಅವರೆಕಾಯಿ ಸುಲಿದರು.

ದಾರಿಯಲ್ಲಿ ನಾನೇ ಹೇಳಿದೆ, "ಅತ್ತಿಗೆ, ಅಣ್ಣನ್ನ ನಾನು ಕೇಳ್ತೀನಿ ಬಿಡು." ಅವಳು ನಡುಬೀದಿಯಲ್ಲಿ ನಿಂತುಬಿಟ್ಟಳು. "ಅಮಾದೋರ್ ಮೇಲೆ ಆಣೆ, ಅವನ ಹತ್ರ ಬಾಯಿ ಬಿಟ್ರೆ ನೋಡು! ಅವನ ಬೆರಳು ನೋಡಿದೀಯಾ? ಊಟಕ್ಕೆ ಕೂತಾಗ ತೊಡೆ ಮೇಲೆ ಆಡ್ತಿರ್ತವೆ. ನಾನು ನೋಡಿದ ಕೂಡ್ಲೇ ಮುಷ್ಟಿ ಕಟ್ತಾನೆ. ಅಷ್ಟು ನೋವು ಅವನಿಗೆ. ನಾನು ಹಾಡಿದೆ ಅಂತ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾನೆ." ಸತ್ತವರ ಮೇಲಿನ ಆಣೆ ಮುರಿಯುವುದು ನಮ್ಮಲ್ಲಿ ಆಗದ ಮಾತು. ಅಣ್ಣನಿಗೆ ತಿಳಿಯದ ಹಾಗೆ ಹಾಡುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಕೂಟದ ಹಳೆಯ ವೈನು ಗೋದಾಮು ತುಂಬಿತ್ತು. ಪೀಪಾಯಿಗಳ ವಾಸನೆ, ಗೋಡೆಯಲ್ಲಿ ತೇವ, ಮುಂದಿನ ಸಾಲಿನಲ್ಲಿ ಉತ್ಸವದವರು. ಬಾಸ್ತಿಯಾನಾ ಅದೇ ಕಪ್ಪು ನಿಲುವಂಗಿಯಲ್ಲಿ, ಕಪ್ಪು ಶಾಲು ಹೊದ್ದು, ನೊಯೆಲಿಯಾಳ ಹಿಂದೆ ಬಂದು ನಿಂತಾಗ ಸಭೆಯ ಗುಜುಗುಜು ಒಮ್ಮೆಗೇ ನಿಂತಿತು. ಯಾರೋ ಶಿಲುಬೆ ಗುರುತು ಹಾಕಿಕೊಂಡರು. ರುಬೇನ್ ಎದ್ದು ತನ್ನ ಕುರ್ಚಿ ಅವಳಿಗೆ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ. ನಾನು ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ಶುರು ಮಾಡಿದೆ.

ಗಿಟಾರಿನ ಹುಡುಗ ಸೊಲೆಯಾ ಎತ್ತಿಕೊಂಡ. ಅದು ನಮ್ಮ ದುಃಖದ ಹಾಡು, ನಿಧಾನದ್ದು, ಬಾಸ್ತಿಯಾನಾಳ ಹಾಡು. ನೊಯೆಲಿಯಾ ಕೈ ಎತ್ತಿದಳು, ಸೊಂಟ ತಿರುಗಿತು, ಮುಖ ಬೆಳಗಿತು. ಎಷ್ಟು ವರ್ಷವಾಗಿತ್ತು ಆ ಮುಖ ನೋಡಿ! ಹಿಂದೆ ದೊಡ್ಡಮ್ಮ ನಿಂತಿದ್ದಾಳೆ ಎಂಬ ಧೈರ್ಯವೇ ಅವಳ ಬೆನ್ನನ್ನು ನೆಟ್ಟಗೆ ಮಾಡಿತ್ತು. ಹಲಗೆಯ ಮೇಲೆ ಕಾಲು ಅಪ್ಪಳಿಸಿ ಹಾಡನ್ನು ಕರೆದಳು.

ಬಾಸ್ತಿಯಾನಾ ಬಾಯಿ ತೆರೆದಳು.

"ಆಯ್" ಎಂಬ ಮೊದಲ ಎಳೆತ ಬರಬೇಕಿತ್ತು. ತುಕ್ಕು ಹಿಡಿದ ಬಾಗಿಲು ತಳ್ಳಿದ ಹಾಗೆ ಏನೋ ಒಂದು ಕರಕರ ಬಂತು, ಅರ್ಧಕ್ಕೆ ಮುರಿಯಿತು. ಕತ್ತಿನ ನರ ಉಬ್ಬಿದವು, ಬಾಯಿ ತೆರೆದೇ ಇತ್ತು, ಒಳಗಿನಿಂದ ಬರೀ ಗಾಳಿ. ನೊಯೆಲಿಯಾ ಮತ್ತೆ ಕರೆದಳು, ಇನ್ನೂ ಜೋರಾಗಿ. ಮತ್ತೆ ಗಾಳಿಯೇ. ಆ ಗಂಟಲನ್ನು ಇವಳು ಸತ್ತವನಿಗಾಗಿ ಕಟ್ಟಿಟ್ಟಿದ್ದಳು, ಅದು ಕಟ್ಟಿಟ್ಟಲ್ಲೇ ಒಣಗಿಹೋಗಿತ್ತು. ಅಯ್ಯೋ ದೇವರೇ! ಚಪ್ಪಾಳೆ ನಿಲ್ಲಿಸಿದರೆ ಎಲ್ಲ ಮುಗಿಯಿತೆಂದು ಹೊಡೆಯುತ್ತಲೇ ಇದ್ದೆ.

ರುಬೇನ್ ಪಾಪ, ಮರ್ಯಾದೆ ಉಳಿಸಲು ಸಾಲು ಎತ್ತಿಕೊಳ್ಳಹೋದ. ನೊಯೆಲಿಯಾ ಕೈ ಅಡ್ಡ ಹಿಡಿದು ತಡೆದಳು. ಸಭೆಗೆ ಬೆನ್ನು ಹಾಕಿ ಬಾಸ್ತಿಯಾನಾಳ ಮುಂದೆ ಬಂದು ನಿಂತು, ಆ ತುಟಿಗಳನ್ನು ನೋಡಿಕೊಂಡು, ಬರದ ಹಾಡಿಗೆ ಕುಣಿದಳು. ಬಾಸ್ತಿಯಾನಾ ಕರಕರ ಎನ್ನುತ್ತಲೇ ಇದ್ದಳು. ತುಟಿ ನಿಂತ ಜಾಗದಲ್ಲೇ ಕಾಲು ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಓಲೇ ಎನ್ನಲು ಮುದುಕರಿಗೆ ಬಾಯಿ ಬರಲಿಲ್ಲ. ಯಾರೂ ಕೆಮ್ಮಲಿಲ್ಲ. ಎಲೋಯ್ ಮಾವ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದರು. ಆಗ ಬಾಗಿಲ ಕಡೆ ನೋಡಿದೆ. ನಿಕಾಸಿಯೊ ನಿಂತಿದ್ದ. ವೈನಂಗಡಿಯಲ್ಲಿ ಯಾರೋ ಬಾಯಿಬಡುಕ ಸುದ್ದಿ ಮುಟ್ಟಿಸಿದ್ದ.

ಮುಗಿದ ಮೇಲೆ ಉತ್ಸವದವರಲ್ಲೊಬ್ಬ ಬಂದು, "ಮನಸ್ಸಿಗೆ ತಟ್ತು ಕಣಮ್ಮ, ಆದ್ರೆ ಜನ ದುಡ್ಡು ಕೊಟ್ಟು ಹಾಡು ಕೇಳೋಕೆ ಬರ್ತಾರೆ" ಎಂದ. ಅವನ ಟೈ ಹಿಡಿದು ಎಳೆಯಬೇಕೆನಿಸಿತು ನನಗೆ. ಎಳೆದಿದ್ದರೆ ಏನು ಬರುತ್ತಿತ್ತು? ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಪೀಪಾಯಿಗಳ ಹಿಂದೆ ಬಾಸ್ತಿಯಾನಾ ನೆಲದ ಮೇಲೆ ಕೂತಿದ್ದಳು. ನಿಕಾಸಿಯೊ ಬಂದು ಎದುರಿಗೆ ನಿಂತಾಗ ಶಾಲಿನಿಂದ ತಲೆ ಮುಚ್ಚಿಕೊಂಡಳು.

"ಹೊಡಿ. ನಿನ್ನ ಮಗನ ಶೋಕ ಮುರಿದೆ ನಾನು."

"ಯಾಕೆ ಇಷ್ಟು ತಡ ಮಾಡಿದೆ?" ಎಂದ ಅಣ್ಣ.

"ಏನು?"

"ನಿನ್ನ ಬಾಯಿ ತೆರೀಲಿ ಅಂತ ಕಾಯ್ತಿದ್ದೆ ಕಣೇ. ಮೊದಲ ವರ್ಷ ತುಂಬಿದಾಗಿಂದ ಕಾಯ್ತಿದ್ದೆ. ಹೆತ್ತೋಳು ನೀನು. ನೀನು ಹಾಡೋಕೆ ಮುಂಚೆ ನಾನು ತಂತಿ ಮುಟ್ಟಿದ್ರೆ ನಿನ್ನ ಹೊಟ್ಟೆಗೆ ಬೆಂಕಿ ಹಾಕಿದ ಹಾಗಾಗ್ತಿರ್ಲಿಲ್ವಾ?"

ಬಾಸ್ತಿಯಾನಾ ಶಾಲು ತೆಗೆದಳು. "ನಿನ್ನ ಗಿಟಾರು ಕೆಳಗಿಳೀಲಿ ಅಂತ ನಾನು ಕಾಯ್ತಿದ್ದೆ ಕಣಯ್ಯಾ."

"ಕೇಳಬಾರದಿತ್ತಾ?"

"ನೀನು ಕೇಳಬಾರದಿತ್ತಾ?"

ಎದ್ದು ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಅವನು ನಿಂತೇ ಇದ್ದ, ಗುದ್ದಿಸಿಕೊಂಡ. "ಸದ್ದಿಲ್ಲದ ಮನೆ ಅಂದ್ರೆ ಆಗ್ತಿರ್ಲಿಲ್ಲ ಆ ಹುಡುಗನಿಗೆ," ಎಂದು ಆ ಮುರುಕು ದನಿಯಲ್ಲಿ ಹೇಳುತ್ತಾ ಗುದ್ದಿದಳು, "ಸ್ನಾನಕ್ಕೆ ಹೋದ್ರೂ ರೇಡಿಯೊ ಬೇಕಿತ್ತಲ್ಲೋ ಅವನಿಗೆ!" ನೊಯೆಲಿಯಾ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಸೋಮವಾರ ಹೊರಟುಹೋದಳು. ಬೂಟನ್ನು ತಿಪ್ಪೆಗೆ ಹಾಕಲಿಲ್ಲ, ದೊಡ್ಡಮ್ಮನ ಮಂಚದ ಕೆಳಗೆ ತಳ್ಳಿ ಹೋಗಿದ್ದಳು. ನಾನು ಹಕ್ಕಿಯನ್ನು ವಾಪಸು ತಂದು ಕಿಟಕಿಗೆ ನೇತುಹಾಕಿದೆ. ಟೀವಿ ಈ ಕಡೆ ತಿರುಗಿತು. ಅಣ್ಣ ಹೊಸ ತಂತಿ ಕಟ್ಟಿದ. ಬೆರಳು ಮರಗಟ್ಟಿವೆ, ಆದರೂ ದಿನಾ ಕೂರುತ್ತಾನೆ. ಬಾಸ್ತಿಯಾನಾ ಜೇನು ಕುಡಿದಳು, ಸೋಂಪಿನ ಸಾರಾಯಿ ಕುಡಿದಳು, ಡಾಕ್ಟರಿಗೂ ತೋರಿಸಿದಳು. ದಿನಾ ಸಂಜೆ ಬಾಯಿ ತೆರೆಯುತ್ತಾಳೆ. ನಾನು ಪಕ್ಕದಲ್ಲಿ ಚಪ್ಪಾಳೆ ಹಾಕುತ್ತೇನೆ. ಅದೇ ಕರಕರ.

ಮೊನ್ನೆ ನೊಯೆಲಿಯಾ ಫೋನು ಮಾಡಿದ್ದಳು. ಹೋಟೆಲು, ಹಾಸಿಗೆ, ಸಮುದ್ರ ಅಂತ ಏನೇನೋ ಹೇಳಿದಳು. ಬಾಸ್ತಿಯಾನಾ ನಡುವೆ ಬಾಯಿ ಹಾಕಿ, "ಬಂದ್ಬಿಡು ಮಗಳೇ. ನನ್ನ ದನಿ ವಾಪಸ್ ಬಂದಿದೆ" ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಆ ಕಡೆಯಿಂದ ನೊಯೆಲಿಯಾಳ ಕೂಗು ನನಗೂ ಕೇಳಿಸಿತು. "ನಿಜವಾಗ್ಲೂ? ದೊಡ್ಡಮ್ಮ, ನಿಜವಾಗ್ಲೂ? ಹಾಗಾದ್ರೆ ಈಗ್ಲೇ ಒಂದು ಸಾಲು ಹಾಡು. ಇಲ್ಲಿ ವರಾಂಡದಲ್ಲಿ ಯಾರೂ ಇಲ್ಲ, ನಾನು ನಿಂತಿದೀನಿ. ಹಾಡು." ಆಮೇಲೆ ಫೋನಿನೊಳಗಿಂದ ಟಕ್ ಟಕ್ ಎಂದು ಸದ್ದು ಬಂತು. ಅಲ್ಲಿ ಹೋಟೆಲಿನ ನೆಲದ ಮೇಲೆ ಅವಳು ಕಾಲು ಅಪ್ಪಳಿಸಿ ಹಾಡನ್ನು ಕರೆಯುತ್ತಿದ್ದಳು.

ಬಾಸ್ತಿಯಾನಾ ಬಾಯಿ ತೆರೆದು ನಿಂತಳು. ಆ ಸದ್ದು ಇನ್ನೂ ಬರುತ್ತಿರುವಾಗಲೇ, ಮೆಲ್ಲಗೆ, ಫೋನನ್ನು ಕೆಳಗಿಟ್ಟಳು.