ಬಿಜೈ ಅಂಗಳದಲ್ಲಿ ಏಣಿಯ ಲೆಕ್ಕ

ನಮ್ಮ ಕಾಲೇಜಿನ ಫಿಸಿಕ್ಸ್ ಪ್ರೊಫೆಸರ್ ಲೋಬೊ ಅವರು ಕಳೆದ ಭಾನುವಾರ ಏಣಿಯಿಂದ ಬಿದ್ದರು. ಲೆಕ್ಕದ ಪ್ರಕಾರ ಬೀಳಬಾರದಿತ್ತು. ಆ ಲೆಕ್ಕವನ್ನು ನೋಡಿ ಸರಿ ಎಂದವನು ಅವರ ಕೈಕೆಳಗಿನ ಲೆಕ್ಚರರ್, ಅಂದರೆ ನಾನು.

ಜಗಳ ಶುರುವಾದದ್ದು ಪುಸ್ತಕದಿಂದ. ಬಿ.ಎಸ್ಸಿ. ಮಕ್ಕಳ ಮೆಕ್ಯಾನಿಕ್ಸಿಗೆ ಯಾವ ಪಠ್ಯಪುಸ್ತಕ ಎಂದು ಸೋಮವಾರದೊಳಗೆ ತಿಳಿಸಬೇಕಿತ್ತು. ಸರ್ ಹಿಡಿದಿದ್ದು ತೆಳ್ಳಗಿನ ಹಳೆಯ ಇಂಗ್ಲಿಷ್ ಪುಸ್ತಕ. (ನಾನು ಓದಿದ್ದೂ ಅದನ್ನೇ, ಓದಿಸಿದವರೂ ಅವರೇ.) ನಾನು ಹಿಡಿದಿದ್ದು ಅಮೆರಿಕದಿಂದ ಬಂದ ದಪ್ಪ ಪುಸ್ತಕ, ಅದರ ತುಂಬ ಚಿತ್ರಗಳು. ಹಳೆಯದನ್ನು ಮಕ್ಕಳು ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಕಣ್ಣು ಬಿಟ್ಟು ಏನನ್ನೂ ನೋಡುವುದಿಲ್ಲ. ಇನ್ನೊಂದು ವರ್ಷ ಆ ಗಿಳಿಪಾಠ ಕೇಳುವುದು ನನ್ನಿಂದಾಗದು. ಭಾನುವಾರ ಆಟಿ ತಿಂಗಳ ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ಬಿಜೈಯ ಅವರ ಮನೆಗೇ ಹೋದೆ.

"ಸರ್, ನಿಮ್ಮ ಪುಸ್ತಕದ ಈ ಏಣಿಯ ಲೆಕ್ಕ ನೋಡಿ. ಗೋಡೆ ನುಣುಪು, ನೆಲ ಒರಟು ಅಂತ ಉಂಟು. ಇದು ಯಾವ ಊರಿನ ಮನೆ? ನಿಮ್ಮ ಕೆಂಪುಕಲ್ಲಿನ ಗೋಡೆಗೆ ಕೈ ಉಜ್ಜಿದ್ರೆ ಚರ್ಮ ಕಿತ್ತು ಬರ್ತದೆ. ನೆಲದಲ್ಲಿ ನೋಡಿದ್ರೆ ಪಾಚಿ!"

"ಎಂತ ಮಾರಾಯ್ರೆ, ಏಣಿ ಅಂದ್ರೆ ಏಣಿ. ಬನ್ನಿ, ಹತ್ತಿಯೇ ತೋರಿಸ್ತೇನೆ."

ಏಣಿ ಬಂತು. ಗೋಡೆಗೆ ಒರಗಿತು. ಸರ್ ಪುಸ್ತಕದ ಒರಟು ನೆಲದ ಫ್ರಿಕ್ಷನ್ನನ್ನೇ ತೆಗೆದುಕೊಂಡು ಕೋನ, ಭಾರ ಎಲ್ಲ ಹಾಕಿದರು. ತುದಿಯವರೆಗೂ ಹತ್ತಬಹುದು ಎಂದು ಉತ್ತರ ಬಂತು. ನಾನೂ ಮಾಡಿ ನೋಡಿದೆ. ಅದೇ ಉತ್ತರ! ಜಗಳ ಮರೆತು ಇಬ್ಬರೂ ಖುಷಿಪಟ್ಟೆವು. (ಉತ್ತರ ತಾಳೆಯಾದರೆ ಫಿಸಿಕ್ಸಿನವರಿಗೆ ಊಟವೂ ಬೇಡ.)

ಕಾಫಿ ತಂದ ಅವರ ಹೆಂಡತಿ ಫಿಲೋಮಿನಾ ಬಾಯಿ ಕೇಳಿದರು, "ಏಣಿ ಹಿಡಿಯುವುದು ಯಾರು?"

"ಯಾರೂ ಬೇಡ. ಹಿಡಿದ್ರೆ ಲೆಕ್ಕ ಹಾಳಾಗ್ತದೆ," ಎನ್ನುತ್ತಾ ಸರ್ ಹತ್ತಿದರು.

ಅರ್ಧ ಹತ್ತಿದ್ದರು ಅಷ್ಟೆ. ಏಣಿಯ ಬುಡ ಪಾಚಿಯ ಮೇಲೆ ಸರ್ರನೆ ಜಾರಿತು. ನೋಡಿದರೆ ಸರ್, ಫಿಲೋಮಿನಾ ಬಾಯಿಯವರ ಆಂಥೂರಿಯಂ ಹೂವಿನ ಚಟ್ಟಿಗಳ ನಡುವೆ ಕೂತಿದ್ದರು. ಬಾಯಿ ಮೊದಲು ಚಟ್ಟಿಗಳನ್ನು ನೋಡಿದರು, ಆಮೇಲೆ ಗಂಡನನ್ನು. (ಮದುವೆಯಾದವರಿಗೆ ಇದನ್ನು ವಿವರಿಸಬೇಕೆ?) ನಾನು ಗೆದ್ದೆ, ನಿಜ. ಆದರೆ ಊದುತ್ತಿರುವ ಪಾದದ ಎದುರು ಅದನ್ನು ಹೇಳುವುದು ಹೇಗೆ?

ಸೋಮವಾರ ಬೆಳಗ್ಗೆ ಹೋದರೆ ಸರ್ ಕಾಲು ಚಾಚಿಕೊಂಡು ನಾನು ಅಲ್ಲೇ ಬಿಟ್ಟು ಬಂದಿದ್ದ ದಪ್ಪ ಪುಸ್ತಕವನ್ನೇ ಓದುತ್ತಿದ್ದರು.

"ಶೆಟ್ರೆ, ಇದೇ ಇರಲಿ. ಹೆಸರು ಕಳಿಸಿ."

ನನಗೆ ಕುಣಿಯುವಷ್ಟು ಸಂತೋಷ.

"ಆದ್ರೆ ಇದರ ಏಣಿಯ ಲೆಕ್ಕ ಓದಿದ್ದೀರಾ?"

ಓದಿರಲಿಲ್ಲ. ಈಗ ಓದಿದೆ. ಚಂದದ ಚಿತ್ರ, ಚಂದದ ಏಣಿ. ಗೋಡೆ ನುಣುಪು, ನೆಲ ಒರಟು!

ಸರ್ ನಗುತ್ತಾ ತಾವೇ ಮಾಡಿದ ಒಂದು ಲೆಕ್ಕ ಕೊಟ್ಟರು, ಕ್ಲಾಸಿನಲ್ಲಿ ಮೊದಲು ಇದನ್ನೇ ಕೊಡಬೇಕಂತೆ. ಗೋಡೆ ಕೆಂಪುಕಲ್ಲಿನದು, ನೆಲದಲ್ಲಿ ಪಾಚಿ, ಏಣಿಯ ಮೇಲೊಬ್ಬ ಹಟಮಾರಿ ಪ್ರೊಫೆಸರ್. ಅವನು ಎಷ್ಟು ಎತ್ತರ ಹತ್ತಿಯಾನು?

ಮಕ್ಕಳೇ, ಉತ್ತರಕ್ಕಾಗಿ ಪುಸ್ತಕದ ಕೊನೆಯ ಪುಟ ತಿರುವಬೇಡಿ. ಬಿಜೈಗೆ ಹೋಗಿ ಸರ್ ಅವರ ಕಾಲು ನೋಡಿ ಬನ್ನಿ.