ಎರಡು ಸಲ ಕೂಡಿಸಿದ ಗಂಟೆ

ಗುಡ್ಡದಾಚೆ ಎಂಜಿನ್ ಒಂದು ಸಲ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಚಹಾದ ಲೋಟ ಕೈಯಲ್ಲಿ ಹಿಡಿದಿದ್ದ ಬೆರಿಲ್ ಸ್ಲೋಪರ್ ಹಾಗೇ ಎದ್ದು ಅಡುಗೆಮನೆಯ ಕಿಟಕಿಗೆ ಬಂದರು. ಡೆರಿಕ್ ಪಿಂಚಿನ್‌ನ ಕೊಯ್ಲಿನ ಯಂತ್ರದ ಕೆಮ್ಮು ಅದು. ವಿಲ್ಟ್‌ಷರ್‌ನ ನಮ್ಮ ಕಣಿವೆಯಲ್ಲಿ ಅಂಥ ಹನ್ನೊಂದು ಯಂತ್ರಗಳಿದ್ದರೂ ಹಾಗೆ ಕೆಮ್ಮುವುದು ಅದೊಂದೇ. ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಮಧ್ಯಾಹ್ನ ಒಂದರವರೆಗೆ ಗೋಧಿ ಹೊಲಕ್ಕೆ ಯಂತ್ರ ಇಳಿಸುವುದಿಲ್ಲವೆಂದು ಡೆರಿಕ್ ಮಾತು ಕೊಟ್ಟಿದ್ದ.

ಯಂತ್ರ ಇಳಿಯುವ ಮೊದಲು ಕೈಯಿಂದ ಒಂದು ಸಿವುಡು, ತೆನೆಯ ಒಂದು ಕಟ್ಟು, ಕೊಯ್ಯಬೇಕು. ಅದು ನಮ್ಮ ಲಾಮಸ್, ಮೊದಲ ಕೊಯ್ಲಿನ ಹಬ್ಬ. ಚಕ್ರ ಒಮ್ಮೆ ಹೊಲ ತುಳಿದ ಮೇಲೆ ಯಾವ ಸಿವುಡೂ ಮೊದಲಿನದಲ್ಲ; ಆ ವರ್ಷಕ್ಕೆ ಹಬ್ಬವೂ ಇಲ್ಲ.

ಬೆರಿಲ್‌ಗೆ ಈಗ ಎಪ್ಪತ್ತೊಂದು. ಮೂವತ್ತಮೂರು ವರ್ಷ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದವರು. ಯಾರೋ ಮೇಷ್ಟ್ರು ಬಿಟ್ಟುಹೋಗಿದ್ದ ಗ್ರಹಗತಿಯ ಪುಸ್ತಕವೊಂದನ್ನು, ಆಲೂಗಡ್ಡೆ ಬೇಯುವ ಇಪ್ಪತ್ತು ನಿಮಿಷಗಳಲ್ಲಿ ದಿನಕ್ಕೊಂದು ಪುಟದಂತೆ ಕಲಿತರು. ಪುಟಗಳಿಗೆಲ್ಲ ಹಬೆ ಹಿಡಿದು ಅಂಚು ಉಬ್ಬಿತ್ತು. ಮದುವೆ, ಮನೆ, ಕಾಯಿಲೆ ಎಂದು ಕೇಳಿಕೊಂಡು ಬಂದವರಿಗೆಲ್ಲ ಅವರದು ಒಂದೇ ಉತ್ತರ: "ಏನಾಗುತ್ತೆ ಅಂತ ನಂಗೊತ್ತಿಲ್ಲಪ್ಪ. ಯಾವಾಗ ಅಂತ ಕೇಳು, ಹೇಳ್ತೀನಿ."

ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ, ಎಲ್ಲರೂ ಹಳೆಯ ದೇವರುಗಳನ್ನು ನೆಚ್ಚಿದವರು. ಬೇರೆ ಊರಿನವರು ಆಗಸ್ಟ್ ಒಂದಕ್ಕೆ ಲಾಮಸ್ ಮಾಡಿ ಮುಗಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಸೂರ್ಯ ಸಿಂಹರಾಶಿಯ ನಟ್ಟನಡುವೆ, ಹದಿನೈದನೇ ಭಾಗಕ್ಕೆ ಬರುವ ಕ್ಷಣವನ್ನು ಬೆರಿಲ್ ಹೇಳಬೇಕು, ಆಗಲೇ ಸಿವುಡು ಕೊಯ್ಯಬೇಕು. ಇಪ್ಪತ್ತಾರು ವರ್ಷಗಳಿಂದ ಹೀಗೇ ನಡೆದಿತ್ತು.

ಮೇ ತಿಂಗಳಲ್ಲಿ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿದಾಗ ಟ್ಯಾಮ್ಸಿನ್ ಆ ಮಾತೆತ್ತಿದಳು. ಅವಳು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್, ಗುಂಪಿನ ಕುಡುಗೋಲು ಅವಳ ಮನೆಯಲ್ಲೇ ಇರುತ್ತದೆ.

"ಹತ್ತಿರದ ಭಾನುವಾರ ಇಟ್ಕೊಂಡ್ರೆ ಏನು ಗಂಟು ಹೋಗುತ್ತೆ, ಬೆರಿಲ್? ಎಲ್ರಿಗೂ ರಜೆ ಇರುತ್ತೆ."

"ಸೂರ್ಯನಿಗೂ ರಜೆನಾ? ಕೇಳಿಕೊಂಡು ಬಂದ್ಯಾ?"

ಎಲ್ಲರೂ ನಕ್ಕರು. ಟ್ಯಾಮ್ಸಿನ್ ನಗಲಿಲ್ಲ.

"ನಗ್ತೀರಿ, ನಗಿ. ಹೋದ ವರ್ಷ ಬೆಳಗಿನ ಜಾವ ಎಬ್ಬಿಸಿದ್ರಿ. ಅವತ್ತು ವಾರ್ಡಲ್ಲಿ ರೋಗಿಯನ್ನ ಎಬ್ಬಿಸಿ ನಾನೇ ಆ ಮಂಚದ ಮೇಲೆ ಮಲಗೋದೊಂದು ಬಾಕಿ."

ಬೆರಿಲ್ ಲೋಟ ಕೆಳಗಿಟ್ಟರು. "ನೋಡು, ಇಷ್ಟು ವರ್ಷದಲ್ಲಿ ನಾನು ಹೇಳಿದ ಹೊತ್ತು ಒಂದು ಸಲ ತಪ್ಪಿದ್ರೆ ಹೇಳು. ತಪ್ಪಿದ ದಿನ ನಾನು ಹೇಳೋದು ಬಿಟ್ಟೆ. ಆಮೇಲೆ ಭಾನುವಾರಾನೇ ಮಾಡ್ಕೊಳ್ಳಿ."

ಯಾರೂ ಕೇಳದಿದ್ದರೂ ಆಡಿದ ಮಾತು ಅದು. ಆದರೆ ಹದಿಮೂರು ಜನರೆದುರು ಆಡಿಯಾಗಿತ್ತು.

ಈ ವರ್ಷ ಅವರು ಹೇಳಿದ್ದು ಆಗಸ್ಟ್ ಏಳು, ಹನ್ನೆರಡು ಗಂಟೆ ನಲವತ್ತೇಳು ನಿಮಿಷ.

ಕಿಟಕಿಯಿಂದ ಹೊಲ ಕಾಣುವುದಿಲ್ಲ, ಗುಡ್ಡದ ಬೆನ್ನು ಅಡ್ಡ. ಎಂಜಿನ್ನಿನ ಸದ್ದು ಇದ್ದಲ್ಲೇ ಇತ್ತು, ಮುಂದೆ ಸರಿಯಲಿಲ್ಲ. ಬಿಸಿ ಮಾಡುತ್ತಿದ್ದಾನೆ, ಇನ್ನೂ ಇಳಿಸಿಲ್ಲ ಎಂದುಕೊಂಡು ಬೆರಿಲ್ ಉಸಿರು ಬಿಟ್ಟರು. ಎಷ್ಟು ಹೊತ್ತು ಉಳಿದಿದೆಯೋ ನೋಡೋಣವೆಂದು ಫೋನ್ ತೆಗೆದರು. ಕಣ್ಣಿಗೆ ಪೊರೆ ಬಂದು ಪುಸ್ತಕದ ಸಣ್ಣ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದಾಗ ಈ ವರ್ಷವಷ್ಟೇ ಗುಂಪಿನವರು ಸೇರಿ ಕೊಡಿಸಿದ ಫೋನ್ ಅದು. ಗ್ರಹಗಳು ಎಲ್ಲಿವೆಯೆಂದು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ.

ಸೂರ್ಯ, ಸಿಂಹ, ಹದಿನಾಲ್ಕು ಭಾಗ, ಐವತ್ತೇಳು ಕಲೆ.

ಬೆರಿಲ್ ಅದನ್ನೇ ನೋಡುತ್ತ ನಿಂತರು. ಅರವತ್ತು ಕಲೆಗೆ ಒಂದು ಭಾಗ. ಸೂರ್ಯ ಗಂಟೆಗೆ ಎರಡೂವರೆ ಕಲೆಗಿಂತ ಹೆಚ್ಚು ನಡೆಯುವವನಲ್ಲ, ಅವನ ನಡಿಗೆ ಅವರಿಗೆ ತಮ್ಮ ಮಂಡಿನೋವಿನಷ್ಟೇ ಪರಿಚಿತ. ಇನ್ನೂ ಎರಡು ಗಂಟೆ ಬಾಕಿಯಿದ್ದರೆ ಹತ್ತಿರ ಹತ್ತಿರ ಐದು ಕಲೆ ಉಳಿದಿರಬೇಕಿತ್ತು. ಉಳಿದದ್ದು ಮೂರು.

ಪುಸ್ತಕದಲ್ಲಿ ಇರುವುದು ಗ್ರೀನಿಚ್ ಸಮಯ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ. ಆದ್ದರಿಂದ ಪುಸ್ತಕ ನೋಡಿ ಒಂದು ಗಂಟೆ ಕೂಡಿಸುವುದು ಬೆರಿಲ್‌ಗೆ ಕೈಯ ಅಭ್ಯಾಸ. ಫೋನು ಆ ಗಂಟೆಯನ್ನು ತಾನೇ ಕೂಡಿಸಿ, ಗೋಡೆಯ ಗಡಿಯಾರದ ಸಮಯವನ್ನೇ ಕೊಟ್ಟಿತ್ತು. ಅದರ ಮೇಲೆ ಕೈ ಇನ್ನೊಂದು ಗಂಟೆ ಕೂಡಿಸಿತ್ತು.

ಹನ್ನೆರಡು ನಲವತ್ತೇಳಲ್ಲ, ಹನ್ನೊಂದು ನಲವತ್ತೇಳು.

ಟ್ಯಾಮ್ಸಿನ್‌ಗೆ ಫೋನ್ ಮಾಡಿದರು. ಅವಳಿಗೆ ಹನ್ನೊಂದೂವರೆಯವರೆಗೆ ವಾರ್ಡು. ಸಂದೇಶ ಬಿಡಿ ಎಂದು ಅವಳದೇ ದನಿ ನಗುತ್ತ ಹೇಳಿತು.  ಬೆರಿಲ್ ಸಂದೇಶ ಬಿಡದೆ ಫೋನ್ ಇಟ್ಟರು. ಉಳಿದವರೂ ಕೆಲಸಗಳಲ್ಲಿದ್ದರು, ಹತ್ತಿರದವರೆಂದರೆ ಹದಿನಾಲ್ಕು ಮೈಲಿ ದೂರ. ಸೈಕಲ್ ಹೊರತೆಗೆದರು.

ಹೊಲಕ್ಕೆ ಒಂದೂವರೆ ಮೈಲಿ, ಅರ್ಧ ದಾರಿ ಏರು. ಏರಿನಲ್ಲಿ ಇಳಿದು ತಳ್ಳಿದರು. ಪಡುವಣದ ಮೋಡ ಕೆಳಗಿನಿಂದ ಕಪ್ಪಾಗುತ್ತಿತ್ತು. ಗಾಳಿ ಬೀಸಿ ಗೋಧಿಯ ತೆನೆಗಳು ಒಂದಕ್ಕೊಂದು ಉಜ್ಜುವ ಒಣ ಸದ್ದು ರಸ್ತೆಯುದ್ದಕ್ಕೂ ಜೊತೆಗೆ ಬಂತು.

ಹನ್ನೊಂದು ಮೂವತ್ತೆಂಟಕ್ಕೆ ಹೊಲದ ಬಾಗಿಲು ತಲುಪಿದರು. ಯಂತ್ರ ಬಾಗಿಲಲ್ಲೇ ಗುಡುಗುತ್ತ ನಿಂತಿತ್ತು. ಡೆರಿಕ್ ಏಣಿಯ ಮೇಲಿದ್ದ. ಅವನಿಗೀಗ ಐವತ್ತೆರಡು, ತಲೆ ಬೋಳು. ಬೆರಿಲ್ ಕೈಯಿಂದ ಆರು ವರ್ಷ ಬಡಿಸಿಕೊಂಡು ತಿಂದವನು, ಇಂದಿಗೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ.

"ಏನ್ ಮಿಸೆಸ್ ಸ್ಲೋಪರ್, ಇಷ್ಟು ಬೇಗ? ಸೂರ್ಯ ಮುಂಚಿನ ಬಸ್ಸಿಗೇ ಬಂದ್ಬಿಟ್ಟನಾ?"

"ಇಳಿದು ಬಾ, ಡೆರಿಕ್."

"ನಾನೇ ಫೋನ್ ಮಾಡೋನಿದ್ದೆ. ಮಳೆ ನಾಲ್ಕಕ್ಕಲ್ಲ, ಎರಡಕ್ಕೇ ಅಂತಿದ್ದಾರೆ. ಹತ್ತೊಂಬತ್ತು ಎಕರೆ ಇದು. ಒಂದರವರೆಗೆ ಕಾಯಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ."

"ಕಾಯ್ಬೇಡ. ಒಂಬತ್ತು ನಿಮಿಷ ಕೊಡು ಸಾಕು. ಚಾಕು ಇದೆಯಾ?"

"ಯಾಕೆ, ನನ್ನ ಬಲಿ ಕೊಡ್ತೀರಾ?"

"ನಿನ್ನ ತಿಂದ್ರೆ ಯಾವ ದೇವರಿಗೂ ಅರಗಲ್ಲ. ಬಾರೋ ಬೇಗ."

ಅವನು ಇಳಿದುಬಂದ. ಹುಲ್ಲಿನ ಕಂತೆಗಳ ಹುರಿ ಕತ್ತರಿಸುವ ಸಣ್ಣ ಚಾಕು ಜೇಬಿನಲ್ಲಿತ್ತು. ತೆಗೆದು ಹಿಡಿ ಮುಂದೆ ಮಾಡಿ ಅವರಿಗೆ ಚಾಚಿದ. ಬೆರಿಲ್ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು.

"ನಾನು ಮುಟ್ಟೋ ಹಾಗಿಲ್ಲ. ಹೊತ್ತು ಹೇಳೋರು ಕೊಯ್ಯಬಾರದು. ನೀನೇ ಕೊಯ್ಯಬೇಕು."

"ಅದ್ಯಾರು ಮಾಡಿದ ನಿಯಮ?"

"ನಾನೇ. ಕೊಯ್ಯೋ ಕೈ ನನ್ನದೇ ಆದ್ರೆ, ನನಗೆ ಅನುಕೂಲ ಆದಾಗಲೆಲ್ಲ ಹೊತ್ತಾಯ್ತು ಅಂತೀನಿ."

"ನಿಮ್ಮ ದೇವರು ಗೀವರು ನಂಗೆ ನಂಬಿಕೆ ಇಲ್ಲ. ಗೊತ್ತಲ್ಲ?"

"ಗೋಧಿ ಮೇಲೆ ಇದೆಯಲ್ಲ? ಅಷ್ಟು ಸಾಕು. ಬಗ್ಗು."

ಡೆರಿಕ್ ಬಗ್ಗಿದ. ಎಡಗೈಯಲ್ಲಿ ಒಂದು ಹಿಡಿ ಕಾಂಡ ಒಟ್ಟುಮಾಡಿ ಹಿಡಿದ. ಬೆರಿಲ್ ಫೋನನ್ನು ಕೋಟಿನ ನೆರಳಲ್ಲಿ ಹಿಡಿದು ಕಣ್ಣು ಕಿರಿದು ಮಾಡಿದರು. ಐವತ್ತೊಂಬತ್ತು ಕಲೆ. ಇನ್ನೂ ಐವತ್ತೊಂಬತ್ತು. ಎಂಜಿನ್ನಿನ ಅದುರುವಿಕೆಗೆ ನೆಲ ಸಣ್ಣಗೆ ನಡುಗುತ್ತಿತ್ತು.

"ಬೆನ್ನು ಹಿಡಿಯುತ್ತೆ, ಮಿಸೆಸ್ ಸ್ಲೋಪರ್."

"ಹಿಡೀಲಿ."

"ಆಗ ಬಟಾಣಿ ತಿನ್ನೋವರೆಗೂ ಹಿಂಗೇ ನಿಲ್ಲಿಸ್ತಿದ್ರಿ."

"ಈಗ."

ಅವನು ಚಾಕು ಎಳೆದ. ಕಾಂಡಗಳು ಒಂದೇ ಸಲಕ್ಕೆ ಬರಲಿಲ್ಲ, ಗರಗಸದಂತೆ ಮೂರು ನಾಲ್ಕು ಸಲ ಎಳೆಯಬೇಕಾಯಿತು. ಇನ್ನೊಂದು ಹಿಡಿ, ಮತ್ತೊಂದು. ಹುಲ್ಲಿನಿಂದಲೇ ಕಟ್ಟಬೇಕಾದ ಸಿವುಡನ್ನು ಜೇಬಿನಲ್ಲಿದ್ದ ನೀಲಿ ಪ್ಲಾಸ್ಟಿಕ್ ಹುರಿಯಿಂದ ಕಟ್ಟಿಕೊಟ್ಟ. ಬೆರಿಲ್ ಎರಡೂ ಕೈಯಲ್ಲಿ ತೆಗೆದುಕೊಂಡರು. ಬಿಸಿಲುಂಡ ಗೋಧಿ ಇನ್ನೂ ಬೆಚ್ಚಗಿತ್ತು. ಆಗ ಅವರು ಏನು ನಡೆಯಿತೆಂದು ಡೆರಿಕ್‌ಗೆ ಹೇಳಿದರು. ಎರಡು ಸಲ ಕೂಡಿಸಿದ ಗಂಟೆಯನ್ನೂ ಮೇ ತಿಂಗಳ ಮಾತನ್ನೂ ಬಿಡದೆ ಹೇಳಿದರು.

ಡೆರಿಕ್ ಚಾಕುವನ್ನು ತೊಡೆಗೆ ಒರೆಸಿಕೊಂಡ. "ಯಾರಿಗೆ ಗೊತ್ತು ಇದು?"

"ನಿನಗೆ."

"ಅಂದ್ರೆ ಯಾರಿಗೂ ಗೊತ್ತಿಲ್ಲ. ಬಾಗಿಲ ಹತ್ರ ಒಂದು ಪಟ್ಟಿ ಬಿಟ್ಟು ಕೊಯ್ತೀನಿ. ಅವ್ರು ಬರಲಿ, ನಲವತ್ತೇಳಕ್ಕೆ ಅದನ್ನ ಕೊಯ್ಕೊಂಡು ಹಾಡಿ ಕುಣಿದು ಹೋಗ್ಲಿ. ನಾನು ಮಾತಿಗೆ ತಪ್ಪಿ ಮೊದಲೇ ಇಳಿಸ್ದೆ ಅಂತ ಹೇಳಿ. ಬೈಸ್ಕೊಂಡು ನಂಗೆ ರೂಢಿ ಇದೆ."

 ಅವನು ಏಣಿ ಹತ್ತಿದ. ಯಂತ್ರ ಹೊಲಕ್ಕಿಳಿದು ದೂಳೆಬ್ಬಿಸಿತು. ಹೇಳಿದಂತೆಯೇ ಬಾಗಿಲ ಬಳಿ ಮಂಚದಗಲದ ಪಟ್ಟಿಯೊಂದನ್ನು ಬಿಟ್ಟು ಸಾಗಿತು.

ಹನ್ನೆರಡೂ ಕಾಲಿಗೆ ನಮ್ಮ ಕಾರುಗಳು ಬಂದು ನಿಂತಾಗ ಬೆರಿಲ್ ಬೇಲಿಯ ಬುಡದಲ್ಲಿ ಕೂತಿದ್ದರು, ಪಕ್ಕದಲ್ಲಿ ಮಡಿಚಿಟ್ಟ ಕೋಟು. ಟ್ಯಾಮ್ಸಿನ್ ಆಸ್ಪತ್ರೆಯ ಉಡುಪಿನ ಮೇಲೇ ಹಸಿರು ಶಾಲು ಹೊದ್ದುಕೊಂಡಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಬುಟ್ಟಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕುಡುಗೋಲು. ಹೊಲ ನೋಡಿದವಳೇ ನಿಂತುಬಿಟ್ಟಳು.

"ಇಳಿಸಿಬಿಟ್ನಾ? ಒಂದರವರೆಗೆ ಅಂದಿದ್ದ! ಎಂಥ ಮನುಷ್ಯ ಇವನು, ಮಾತಿಗೊಂದು ಬೆಲೆ ಬೇಡ್ವಾ?"

ಹಿಂದಿನಿಂದ ಇನ್ನೂ ಇಬ್ಬರು ದನಿಗೂಡಿಸಿದರು. ಡೆರಿಕ್ ಎತ್ತರದ ಗಾಜಿನ ಕೋಣೆಯೊಳಗೆ ಕೂತು ಹೊಲದಾಚೆ ತುದಿಯಲ್ಲಿ ತಿರುಗುತ್ತಿದ್ದ. ಅವನಿಗೆ ಏನೂ ಕೇಳಿಸುವಂತಿರಲಿಲ್ಲ.

ಟ್ಯಾಮ್ಸಿನ್ ಕಣ್ಣಿಗೆ ಬಾಗಿಲ ಬಳಿಯ ಪಟ್ಟಿ ಬಿತ್ತು. ಭುಜ ತುಸು ಇಳಿಯಿತು. "ಸ್ವಲ್ಪವಾದ್ರೂ ಉಳಿಸಿದ್ದಾನೆ, ಪುಣ್ಯಾತ್ಮ. ಹೋಗ್ಲಿ, ಇದನ್ನೇ ಮೊದಲು ಅಂದ್ಕೊಳ್ಳೋಣ. ಇನ್ನೂ ಅರ್ಧ ಗಂಟೆ ಇದೆ ಅಲ್ವಾ, ಬೆರಿಲ್?"

ಎಲ್ಲರೂ ಬೆರಿಲ್ ಕಡೆ ತಿರುಗಿದೆವು. ಅವರು ಹೂಂ ಅಂದಿದ್ದರೆ ನಾವು ವೃತ್ತ ಕಟ್ಟಿ ನಿಲ್ಲುತ್ತಿದ್ದೆವು. ಪ್ರತಿ ವರ್ಷವೂ ಹಾಗೇ ನಿಂತಿದ್ದೆವು.

ಬೆರಿಲ್ ಕೋಟಿನ ಮಡಿಕೆ ಬಿಚ್ಚಿದರು. ಒಳಗೆ ನೀಲಿ ಹುರಿಯ ಸಿವುಡು.

"ಇಲ್ಲ. ಆಗಿಹೋಯ್ತು. ಹನ್ನೊಂದು ನಲವತ್ತೇಳಕ್ಕೆ. ಲೆಕ್ಕ ತಪ್ಪಿದ್ದು ನಾನು, ಒಂದು ಗಂಟೆ ಎರಡು ಸಲ ಕೂಡಿಸ್ಬಿಟ್ಟೆ. ಡೆರಿಕ್ ಮಾತು ತಪ್ಪಿಲ್ಲ. ನಾನೇ ಇಳಿಸು ಅಂದೆ. ಇದನ್ನ ಕೊಯ್ದದ್ದೂ ಅವನೇ."

"ಡೆರಿಕ್ ಕೊಯ್ದನಾ?"

ಯಾರೋ ಕಿಸಕ್ಕೆಂದರು. ಟ್ಯಾಮ್ಸಿನ್ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಅರ್ಧ ದಿನ ರಜೆಗೆ ನಾನು ಮೂರು ಜನರ ಕಾಲು ಹಿಡಿದೆ, ಬೆರಿಲ್."

"ಗೊತ್ತು."

"ಹೇಳದೇ ಇದ್ದಿದ್ರೆ ನಮಗೆ ಗೊತ್ತೂ ಆಗ್ತಿರಲಿಲ್ಲ."

"ಅದೇ ಕಷ್ಟ. ನಿಮಗೆ ಗೊತ್ತಾಗಲ್ಲ ಅಂತಾನೇ ಅಲ್ವಾ ಇಷ್ಟು ವರ್ಷ ನನ್ನ ಕೇಳಿದ್ದು?"

ಯಂತ್ರ ಆಚೆಯಿಂದ ಬಂದು, ನಮ್ಮ ಮುಂದೆಯೇ ತಿರುಗಿ, ಮತ್ತೆ ದೂರವಾಯಿತು.  ದೂಳು ಕೆಳಗಿಳಿದ ಮೇಲೆ ಟ್ಯಾಮ್ಸಿನ್ ದನಿ ತಗ್ಗಿಸಿ ಹೇಳಿದಳು: "ಹೊತ್ತು ತಪ್ಪಿಲ್ಲವಲ್ಲ. ಸರಿಯಾದ ಹೊತ್ತಿಗೇ ಕೊಯ್ದಾಯ್ತಲ್ಲ. ಮೇ ತಿಂಗಳಲ್ಲಿ ಆಡಿದ ಮಾತೆಲ್ಲ ಬಿಡಿ ಈಗ."

"ಸೂರ್ಯಂದು ತಪ್ಪಿಲ್ಲ. ನಾನು ಹೇಳಿದ್ದು ತಪ್ಪಿದೆ." ಬೆರಿಲ್ ಮಂಡಿಯ ಮೇಲೆ ಕೈಯೂರಿ ಎದ್ದರು. ಸಿವುಡನ್ನು ಟ್ಯಾಮ್ಸಿನ್ ತೋಳಿಗೆ ದಾಟಿಸಿದರು. "ಮುಂದಿನ ವರ್ಷದಿಂದ ಭಾನುವಾರ ಇಟ್ಕೊಳ್ಳಿ. ನಾನೂ ಬರ್ತೀನಿ, ಎಲ್ಲರ ಹಾಗೆ."

 ಸಿವುಡು ಟ್ಯಾಮ್ಸಿನ್ ತೋಳಲ್ಲಿ ಜಾರುತ್ತಿತ್ತು, ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಬೆರಿಲ್ ಕೋಟು ತೊಟ್ಟಾಗಿತ್ತು.

"ಎಲ್ಲಿಗೆ? ರೊಟ್ಟಿ ಮುರಿಯೋದಿದೆಯಲ್ಲ!"

"ನೀವು ಮುರೀರಿ. ಡೆರಿಕ್‌ಗೂ ಒಂದು ತುಂಡು ಎತ್ತಿಡಿ, ಅಂಚಿನದು, ಅವನು ಮೊದಲಿಂದ ಅಂಚೇ ತಿನ್ನೋದು. ನಾನು ಹಾಸಿಗೆ ಚಾದರ ಎಲ್ಲಾ ಒಗೆದು ಹೊರಗೆ ಹಾಕಿ ಬಂದಿದ್ದೀನಿ, ಈ ಮೋಡ ನೋಡಿದ್ರೆ ಎರಡು ಗಂಟೆವರೆಗೂ ಎಲ್ಲಿ..." ಎನ್ನುತ್ತಲೇ ಸೈಕಲ್ ತಿರುಗಿಸಿ ಇಳಿಜಾರಿಗೆ ಬಿಟ್ಟರು.