ಫೋಟೊದ ಅಂಚಿನ ಬೆರಳುಗಳು

ಸೂಜಿಯಕ್ಕನ ಸೂಜಿ ಇರುವುದು ಕೈಯಲ್ಲೋ ನಾಲಿಗೆಯ ಮೇಲೋ ಎಂಬುದು ಆ ಬೀದಿಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಎರಕದ ಕಾರ್ಖಾನೆಯವರ ಬೀದಿ ಅದು. ಕಾದ ಕಬ್ಬಿಣದ ಕಿಡಿ ಹಾರಿ ತೂತುಬಿದ್ದ ಅಂಗಿ, ಮೊಣಕಾಲಲ್ಲಿ ಬಾಯಿಬಿಟ್ಟ ಪ್ಯಾಂಟು ಎಲ್ಲವೂ ಅವಳ ಬಾಗಿಲಿಗೇ ಬರುತ್ತಿದ್ದವು. ಅವಳು ಹಾಕುತ್ತಿದ್ದ ತೇಪೆಗೆ ಒಂದು ಗುರುತಿತ್ತು. ಬೇರೆಯವರೆಲ್ಲ ಚೌಕವಾಗಿ ಹಾಕಿದರೆ ಇವಳದು ದುಂಡಗೆ. ಮದುವೆಯಾದ ಹೊಸದರಲ್ಲಿ ಅತ್ತೆ, "ಇದೇನೇ, ಅಂಗಿಗೆ ಕಣ್ಣು ಬರೆದಿದ್ದೀಯಾ?" ಎಂದು ಗದರಿದ್ದರು.

"ಮೂಲೆ ಇದ್ದರೆ ಮೂಲೆಯಿಂದಲೇ ಏಳುತ್ತೆ ಅತ್ತೆ. ದುಂಡಗಿರೋದನ್ನ ಎಲ್ಲಿಂದ ಕೀಳೋದು ಅಂತ ಬಟ್ಟೆಗೂ ತಿಳಿಯಲ್ಲ" ಎಂದಿದ್ದಳು ಸೊಸೆ. ಅತ್ತೆ ಆಮೇಲೆ ಸೊಸೆಯನ್ನೂ ಎಲ್ಲಿಂದ ಹಿಡಿಯುವುದೆಂದು ತಿಳಿಯದೆ ಸುಮ್ಮನಾದರು.

ಗಂಡ ಕಾರ್ಖಾನೆಯಲ್ಲಿ ಅಚ್ಚಿನ ಮೇಸ್ತ್ರಿ. ಮರಳಿನಲ್ಲಿ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಹೊಯ್ಯಿಸಿ, ಚರಂಡಿ ಮುಚ್ಚಳ, ಬೋರ್‌ವೆಲ್ಲಿನ ಹಿಡಿ, ಒಲೆಯ ಸರಳು ಮಾಡಿಸುತ್ತಿದ್ದ. ಊರಿನವರು ಅವನ ಮುಚ್ಚಳಗಳ ಮೇಲೆ ನಡೆದೇ ದೊಡ್ಡವರಾದರು. ಆಮೇಲೆ ಕಾರ್ಖಾನೆ ಮುಚ್ಚಿತು. ಯಂತ್ರಗಳು ಗುಜರಿಗೆ ಹೋದವು. ಗಂಡಸರು ಮನೆಯಲ್ಲಿ ಕೂತರು. ಅವರು ಮನೆಯಲ್ಲಿ ಕೂತದ್ದರಿಂದ ಹೆಂಗಸರಿಗೆ ಕೂರಲು ಜಾಗ ಇಲ್ಲವಾಯಿತು.

ಹೀಗಿರುವಾಗ ಊರ ಹಳೆಯ ಗೋದಾಮಿನಲ್ಲಿ ಒಂದು ಸಂಗ್ರಹಾಲಯ ತೆರೆಯುತ್ತಾರೆಂಬ ಸುದ್ದಿ ಬಂತು. ಮುಚ್ಚಿಹೋದ ಕಾರ್ಖಾನೆಗಳ ಫೋಟೊ, ಉಪಕರಣ, ಸಾಮಾನು ಎಲ್ಲ ಅಲ್ಲಿ ಇಡುತ್ತಾರಂತೆ. ಎರಕದವರು ಎದ್ದು ಕೂತರು. ಸಮಿತಿಯಾಯಿತು. ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು ಅಧ್ಯಕ್ಷರಾದರು. ಸಭೆ ಮಾತ್ರ ಮೇಸ್ತ್ರಿಯ ಮನೆಯ ಹಜಾರದಲ್ಲೇ. ಯಾಕೆಂದರೆ ಅಲ್ಲಿ ಕೇಳದೇ ಟೀ ಬರುತ್ತಿತ್ತು. ಯಾರು ತರುತ್ತಾರೆ ಎಂಬುದು ಸಮಿತಿಯ ಗಮನಕ್ಕೆ ಬಂದಿರಲಿಲ್ಲ.

ಅವತ್ತು ಟೀ ತಂದಾಗ ಮೇಜಿನ ಮೇಲೆ ಒಂದು ದೊಡ್ಡ ಫೋಟೊ ಇತ್ತು. ಕಾರ್ಖಾನೆಯ ಎಲ್ಲರೂ ಒಟ್ಟಿಗೆ ನಿಂತು ತೆಗೆಸಿಕೊಂಡ ಒಂದೇ ಒಂದು ಫೋಟೊ. ನಡುವೆ ಕುರ್ಚಿಯಲ್ಲಿ ಮಾಲೀಕರು, ಸುತ್ತ ಕೆಲಸಗಾರರು, ಎಲ್ಲರ ಹಿಂದೆ ಬೆಳ್ಳಗಿನ ಹಿನ್ನೆಲೆ. ಎಡಗಡೆ ಮೊದಲು ನಿಂತವರು ಗುಮಾಸ್ತರೇ, ಕೈಯಲ್ಲಿ ಒಂದು ಪೆನ್ನು.

"ಫೋಟೊ ಚೆನ್ನಾಗಿದೆ. ಆದರೆ ಎರಡೂ ಕಡೆ ಅಂಚು ಕೆಟ್ಟಿದೆ" ಎಂದರು ಗುಮಾಸ್ತರು. "ಯಾರದೋ ಬೆರಳು ಬಂದುಬಿಟ್ಟಿವೆ. ಈ ಕಡೆ ನೋಡಿ, ದುಂಡಗೆ ಬೂಷ್ಟು ಬೇರೆ ಹಿಡಿದಿದೆ. ಸ್ಟುಡಿಯೋದವನಿಗೆ ಹೇಳಿ ಎರಡೂ ಕಡೆ ಕತ್ತರಿಸಿಬಿಡೋಣ."

ಸೂಜಿಯಕ್ಕ ಬಗ್ಗಿ ನೋಡಿದಳು. ಬಲಗಡೆ, ಬಿಳಿ ಬಟ್ಟೆಯ ತುದಿಯನ್ನು ಬಿಗಿಯಾಗಿ ಹಿಡಿದ ನಾಲ್ಕು ಬೆರಳು. ಅವಳವೇ. ಬೆರಳಿನ ಪಕ್ಕದಲ್ಲಿದ್ದದ್ದು ಬೂಷ್ಟಲ್ಲ, ಅವಳೇ ಹಾಕಿದ ದುಂಡು ತೇಪೆ.

ಅವತ್ತಿನ ಸಂಗತಿ ಅವಳಿಗೆ ಚೆನ್ನಾಗಿ ನೆನಪಿತ್ತು. ಫೋಟೊದವನು ಬಂದು ನೋಡಿದರೆ ಕಾರ್ಖಾನೆಯ ಗೋಡೆ ಇದ್ದಿಲು. ಅದರ ಮುಂದೆ ನಿಂತರೆ ಕೆಲಸಗಾರರಲ್ಲಿ ಹಲ್ಲೊಂದನ್ನು ಬಿಟ್ಟರೆ ಇನ್ನೇನೂ ಕಾಣುವಂತಿರಲಿಲ್ಲ. ಹಿಂದೆ ಬಿಳಿ ಬಟ್ಟೆ ಬೇಕು ಎಂದ. ಮೇಸ್ತ್ರಿ ಓಡಿಬಂದು ಹಗ್ಗದ ಮೇಲೆ ಆಗಷ್ಟೇ ಒಣಗಿದ್ದ ಚಾದರವನ್ನು ಎಳೆದುಕೊಂಡ. ಒಗೆದವಳು ಸುಮ್ಮನಿರುತ್ತಾಳೆಯೇ? ಹಿಂದೆಯೇ ಹೋದಳು. ಗೋಡೆಗೆ ಮೊಳೆ ಹೊಡೆದರೆ ಗಾರೆಯೇ ಉದುರುತ್ತಿತ್ತು. ಕೊನೆಗೆ ಒಂದು ತುದಿಗೆ ಇವಳನ್ನೂ ಇನ್ನೊಂದು ತುದಿಗೆ ಕಾವಲುಗಾರನ ಹೆಂಡತಿಯನ್ನೂ ನಿಲ್ಲಿಸಿದರು. ಅವಳು ಮೇಸ್ತ್ರಿಯ ತಂಗಿ, ಇವಳಿಗೆ ನಾದಿನಿ. "ಕೈ ಮೇಲೆತ್ತಿ, ಮೈ ಮಾತ್ರ ಕಾಣಬಾರದು" ಎಂದು ಅಪ್ಪಣೆಯಾಯಿತು. ಮಾಲೀಕರು ಬರುವುದು ತಡವಾಯಿತು. ಬಂದ ಮೇಲೆ ಮೀಸೆ ಸರಿಮಾಡಿಕೊಳ್ಳುವುದು ಇನ್ನೂ ತಡವಾಯಿತು. ಇಬ್ಬರ ತೋಳೂ ಮರಗಟ್ಟಿದವು. ಫೋಟೊ ಮುಗಿದ ಮೇಲೆ ಗಂಡಸರಿಗೆ ಸಿಹಿ ಹಂಚಿದರು. ಹೆಂಗಸರಿಗೆ ಮಸಿಯಾದ ಚಾದರ ಸಿಕ್ಕಿತು, ಮತ್ತೆ ಒಗೆಯಲು.

"ಬೆರಳು ಹಾಗೇ ಇರಲಿ" ಎಂದಳು ಸೂಜಿಯಕ್ಕ, ಲೋಟ ಇಡುತ್ತಾ.

ಗುಮಾಸ್ತರು ನಕ್ಕರು. "ಅಲ್ಲಮ್ಮಾ, ಕೆಳಗೆ ಎಲ್ಲರ ಹೆಸರು ಬರೀಬೇಕು. ಬೆರಳಿಗೆ ಏನಂತ ಹೆಸರಿಡೋಣ? ಉಂಗುರದ ಬೆರಳು, ಕಿರುಬೆರಳು ಅಂತಲಾ?"

"ನಿಮ್ಮ ಮುಖಕ್ಕೇ ಹೆಸರು ಸಿಕ್ಕಿದೆಯಂತೆ, ಬೆರಳಿಗೆ ಸಿಗಲ್ವಾ?"

ಮೇಸ್ತ್ರಿ ಕೆಮ್ಮಿದ. "ಏನೇ ನೀನು... ಇದು ಕಾರ್ಖಾನೆಯ ಚರಿತ್ರೆ ಕಣೇ."

"ಚಾದರ ನನ್ನದಲ್ವೇನ್ರೀ?"

ಅವನು ಟೀ ಲೋಟದೊಳಗೆ ಇಣುಕಿದ. ಅಲ್ಲಿ ಉತ್ತರವಿರಲಿಲ್ಲ, ಸಕ್ಕರೆಯೂ ಇರಲಿಲ್ಲ. ಅವತ್ತು ಯಾರ ಲೋಟಕ್ಕೂ ಸಕ್ಕರೆ ಬಿದ್ದಿರಲಿಲ್ಲ.

ಆದರೂ ಫೋಟೊ ಕತ್ತರಿಗೆ ಹೋಗಿಯೇ ಹೋಯಿತು. ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು ವಾಪಸು ಬಂತು. ಬೆರಳೂ ಇಲ್ಲ, ತೇಪೆಯೂ ಇಲ್ಲ. ಚಾದರ ಗಾಳಿಯಲ್ಲಿ ತಾನಾಗಿಯೇ ನಿಂತಿತ್ತು. ಸೂಜಿಯಕ್ಕ ನೋಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಹೆದರಬೇಕೆಂಬುದು ಮೇಸ್ತ್ರಿಗೊಬ್ಬನಿಗೇ ಗೊತ್ತಿದ್ದದ್ದು. ಆ ಬೆರಳುಗಳನ್ನು ಫೋಟೊಗೆ ವಾಪಸು ತರಿಸದೆ ಅವಳು ಬಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಮುಂದಿನ ವಾರ ಸಂಗ್ರಹಾಲಯದ ಮೇಡಂ ಬಂದರು. ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು. "ಚೆನ್ನಾಗಿದೆ. ಆದರೆ ನಮ್ಮಲ್ಲಿ ಒಂದು ನಿಯಮ ಇದೆ. ದೊಡ್ಡ ಹಾಲಿನಲ್ಲಿ ಹಾಕಬೇಕಾದರೆ, ಫೋಟೊದಲ್ಲಿ ಕಾಣುವ ಒಂದು ವಸ್ತುವಾದರೂ ಕೆಳಗೆ ಇರಬೇಕು. ಅದೇ ವಸ್ತು, ಅಂಥದ್ದೇ ಇನ್ನೊಂದಲ್ಲ."

"ಇಲ್ಲದಿದ್ದರೆ?"

"ಹಿಂದುಗಡೆ ಓಣಿಯಲ್ಲಿ ಹಾಕ್ತೀವಿ. ಶೌಚಾಲಯಕ್ಕೆ ಹೋಗೋ ದಾರಿ. ಅಲ್ಲೂ ತುಂಬಾ ಜನ ಓಡಾಡ್ತಾರೆ."

ಸಮಿತಿಯ ಮುಖ ಬಿದ್ದುಹೋಯಿತು. ಬೆಂಕಿಪೊಟ್ಟಣದ ಕಾರ್ಖಾನೆಯವರಿಗೆ ದೊಡ್ಡ ಹಾಲಿನಲ್ಲಿ ಜಾಗ ಸಿಕ್ಕಾಗಿತ್ತು. ಅವರ ಕೈಲಿ ಫೋಟೊದಲ್ಲಿದ್ದ ತಕ್ಕಡಿಯೇ ಇತ್ತು. ಕಬ್ಬಿಣ ಕರಗಿಸಿದವರು ಕಡ್ಡಿ ಗೀರಿದವರ ಮುಂದೆ ತಲೆ ತಗ್ಗಿಸುವುದೇ?

ಹುಡುಕಾಟ ಶುರುವಾಯಿತು. ಮಾಲೀಕರ ಕುರ್ಚಿ ಯಾವತ್ತೋ ಸೌದೆಯಾಗಿತ್ತು. ಮೇಸ್ತ್ರಿ ಹಿಡಿದಿದ್ದ ಸಲಿಕೆ ಗುಜರಿಯವನ ಪಾಲಾಗಿತ್ತು. ಫೋಟೊದಲ್ಲಿ ಕೈಕಟ್ಟಿ ನಿಂತಿದ್ದ ಎರಕದವನೊಬ್ಬ ತನ್ನ ಸುತ್ತಿಗೆಯೆಂದು ಒಂದನ್ನು ತಂದ. ಹಿಡಿಯ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಗುಮಾಸ್ತರು ತಮ್ಮ ಪೆನ್ನು ಮುಂದಿಟ್ಟರು. "ಇದೇ ಮೇಡಂ, ಕೈಲಿರೋದು." ಮೇಡಂ ಮುಚ್ಚಳ ತೆಗೆದು ನೋಡಿ, "ಇದು ಬಾಲ್ ಪೆನ್ನು. ಫೋಟೊದಲ್ಲಿರೋದು ಶಾಯಿ ಪೆನ್ನು" ಎಂದು ಮೆಲ್ಲಗೆ ವಾಪಸು ಕೊಟ್ಟರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೂಜಿಯಕ್ಕ ಗಂಟಲು ಸರಿಮಾಡಿಕೊಂಡಳು. "ಫೋಟೊದಲ್ಲಿರೋ ವಸ್ತು ನನ್ನ ಹತ್ತಿರ ಒಂದಿದೆ."

"ನಿಮ್ಮ ಹತ್ತಿರ? ಏನು?" ಎಂದರು ಗುಮಾಸ್ತರು.

"ನಿಮ್ಮೆಲ್ಲರ ಬೆನ್ನ ಹಿಂದೆ ಇರೋದು."

ಅವಳು ಇಸ್ತ್ರಿ ಮೇಜಿನ ಹತ್ತಿರ ಹೋದಳು. ಮೇಲಿನ ಕಂಬಳಿ ತೆಗೆದಳು, ಅದರ ಕೆಳಗಿನ ಹಳೆಯ ಸೀರೆ ತೆಗೆದಳು. ಕಟ್ಟಕಡೆಗೆ, ಮಡಿಸಿ ಹಾಸಿದ್ದ ಚಾದರ ಹೊರಬಂತು. ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿಯ ಅಂಗಿಗಳೆಲ್ಲ ವರ್ಷಗಟ್ಟಲೆ ಅದರ ಮೇಲೆಯೇ ಸುಕ್ಕು ಬಿಡಿಸಿಕೊಂಡಿದ್ದವು.

ಮೇಡಂ ಮುಖ ಅರಳಿತು. ಗುಮಾಸ್ತರ ಮುಖದಲ್ಲಿ ಅನುಮಾನ. "ಚಾದರ ಅಂದ್ರೆ ಚಾದರ. ಎಲ್ಲ ಮನೇಲೂ ಇರುತ್ತೆ. ಇದೇ ಅದು ಅಂತ ಏನು ಗ್ಯಾರಂಟಿ?"

"ಅವರು ಕೇಳೋದು ಸರಿ" ಎಂದರು ಮೇಡಂ. "ಏನಾದರೂ ಗುರುತಿದೆಯಾ?"

ಸೂಜಿಯಕ್ಕ ಬಟ್ಟೆಯ ಮೂಲೆ ಬಿಡಿಸಿ ತೋರಿಸಿದಳು. ದುಂಡು ತೇಪೆ. "ಇದು ಫೋಟೊದಲ್ಲಿತ್ತು."

ಮೇಡಂ ಫೋಟೊದ ಮೇಲೆ ಕಣ್ಣಾಡಿಸಿದರು. "ಎಲ್ಲಿ? ಕಾಣಿಸ್ತಿಲ್ಲವಲ್ಲ."

"ಕಾಣಿಸಲ್ಲ ಮೇಡಂ. ಬೂಷ್ಟು ಅಂತ ಇವರು ಕತ್ತರಿಸಿಬಿಟ್ಟರು. ಅದು ನನ್ನ ಬೆರಳಿನ ಪಕ್ಕದಲ್ಲಿತ್ತು. ಬೆರಳು ಹೋಯ್ತು, ತೇಪೆಯೂ ಹೋಯ್ತು. ಈಗ ನನ್ನ ಹತ್ತಿರ ಇರೋದು ಬರೀ ಹಳೇ ಚಾದರ." ಅವಳು ಅದನ್ನು ಮತ್ತೆ ಮಡಿಸತೊಡಗಿದಳು, ಬಹಳ ನಿಧಾನವಾಗಿ. "ಓಣಿಯಲ್ಲೂ ಜನ ಓಡಾಡ್ತಾರಂತಲ್ಲ, ಬಿಡಿ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಗುಮಾಸ್ತರು ತಡವರಿಸಿದರು. "ಹಳೇ ಫೋಟೊ ನನ್ನ ಮನೇಲಿ ಹಾಗೇ ಇದೆ, ಕತ್ತರಿಸಿದ್ದು ದೊಡ್ಡದನ್ನ ಮಾತ್ರ. ಆದರೆ ಇಷ್ಟು ದೊಡ್ಡದು ಮಾಡಿಸಿ ಕಟ್ಟು ಹಾಕಿಸಾಗಿದೆ..."

ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಮೇಸ್ತ್ರಿ ಎದ್ದ. "ಕಟ್ಟು ಬಿಚ್ಚಿದರಾಯ್ತು. ಆ ಚಾದರ ಹಗ್ಗದಿಂದ ಎಳೆದುಕೊಂಡು ಹೋದವನು ನಾನೇ. ಇವಳು ಹಿಂದೆ ಬೈಕೊಂಡು ಬಂದಳು. ಫೋಟೊದಲ್ಲಿ ನನ್ನ ಕಿವಿ ಕೆಂಪಗಿರೋದು ಅದಕ್ಕೇ."

"ಕಪ್ಪುಬಿಳುಪು ಫೋಟೊ ಅದು, ಮೇಸ್ತ್ರಿ."

"ಕೆಂಪಗಿತ್ತು. ನನಗೆ ಗೊತ್ತು. ಹೋಗಿ ತರ್ತೀರೋ ಇಲ್ವೋ?"

ಗುಮಾಸ್ತರು ಎದ್ದು ಮನೆಗೆ ನಡೆದರು. ಅಷ್ಟರಲ್ಲಿ ಸುದ್ದಿ ಓಡಿ ನಾದಿನಿಯೂ ಬಂದಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. ಹಳೇ ಫೋಟೊ ಮೇಜಿನ ಮೇಲೆ ಬಿತ್ತು. ಮೇಡಂ ಭೂತಗನ್ನಡಿ ಹಿಡಿದು ತೇಪೆಯನ್ನು ತೇಪೆಯ ಪಕ್ಕದಲ್ಲಿಟ್ಟು ನೋಡಿದರು. ಒಂದು ಹೊಲಿಗೆ ದಾರ ಎದ್ದು ಬಾಗಿದ್ದದ್ದೂ ಎರಡರಲ್ಲೂ ಒಂದೇ.

"ಇದೇ" ಎಂದರು. "ಫೋಟೊ ಪೂರ್ತಿ ಬೇಕು. ಅಂಚಿನವರೆಗೆ. ದೊಡ್ಡ ಹಾಲು."

ಎರಕದವರು ಚಪ್ಪಾಳೆ ಹೊಡೆದರು. ನಾದಿನಿ ಫೋಟೊದ ಎಡ ಅಂಚನ್ನು ನೋಡುತ್ತಲೇ ಇದ್ದಳು. "ಅತ್ತಿಗೆ, ನನ್ನವು ಮೂರೇ ಬೆರಳು ಬಂದಿವೆ. ನಿಮ್ಮವು ನಾಲ್ಕು."

"ನೀನು ಅವತ್ತೂ ಬಿಗಿ ಹಿಡಿದಿರಲಿಲ್ಲ ಕಣೇ. ನಿನ್ನ ಕಡೆ ಜೋಲುತ್ತಾ ಇದೆ, ನೋಡು."

"ಜೋಲ್ತಿರೋದು ನಿಮ್ಮ ಚಾದರ, ನನ್ನ ಕೈಯಲ್ಲ!"

ಮೇಡಂ ಒಂದು ದಪ್ಪ ರಟ್ಟು ತೆಗೆದು ಗುಮಾಸ್ತರ ಮುಂದಿಟ್ಟರು. "ಹೆಸರು, ಮುಂದೆ ಕೆಲಸ. ಎಡದಿಂದ ಬರೀರಿ. ಅಂಚಿನವರಿಂದಲೇ."

ಗುಮಾಸ್ತರು ಅದೇ ಬಾಲ್ ಪೆನ್ನು ತೆಗೆದರು. ಇಷ್ಟು ದಿನ ಮೊದಲನೆಯವರಾಗಿದ್ದವರು ಎರಡನೆಯವರಾದದ್ದು ಅವರ ಕೈಬರಹದಲ್ಲೇ ಕಾಣುತ್ತಿತ್ತು. ನಾದಿನಿಯ ಹೆಸರು ಬರೆದು ತಲೆಯೆತ್ತಿದರು. "ಕೆಲಸ ಏನಂತ ಹಾಕ್ಲಿ? ನಮ್ಮದೆಲ್ಲ ಇದೆ. ಗುಮಾಸ್ತ, ಮೇಸ್ತ್ರಿ, ಎರಕದವನು. ನೀವು ಕಾರ್ಖಾನೆಯಲ್ಲಿ ಏನೂ ಆಗಿರಲಿಲ್ಲವಲ್ಲ."

ನಾದಿನಿ ಅತ್ತಿಗೆಯ ಕಡೆ ತಿರುಗಿದಳು. ಜಗಳ ಅಲ್ಲಿಗೇ ನಿಂತಿತು.

"ಗೋಡೆ ಅಂತ ಬರೀರಿ" ಎಂದಳು ಸೂಜಿಯಕ್ಕ.

"ಗೋಡೆ?"

"ಹೌದು. ಅವತ್ತು ನಿಮ್ಮ ಕಾರ್ಖಾನೆಗೆ ತೋರಿಸೋ ಹಾಗಿದ್ದ ಗೋಡೆ ಒಂದೂ ಇರಲಿಲ್ಲ. ನಾವಿಬ್ಬರು ಆ ಕೆಲಸ ಮಾಡಿದ್ವಿ."

ಗುಮಾಸ್ತರು ಮೇಡಂ ಕಡೆ ನೋಡಿದರು, ಅವರಾದರೂ ಬೇಡವೆನ್ನಲಿ ಎಂದು. ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು, ತುಟಿ ಕಚ್ಚಿಕೊಂಡು. "ಬರೀರಿ, ಬರೀರಿ."

ಗುಮಾಸ್ತರು ಬರೆದರು. ನಾದಿನಿ ಅವರ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಬರೀ ಗೋಡೆ ಅಂದ್ರೆ ಹೇಗೆ? ಎಡಗೋಡೆ ಅಂತ ಹಾಕಿ ಸ್ವಾಮಿ. ನಾಳೆ ಬಂದವರು ನಮ್ಮ ಅತ್ತಿಗೇನೇ ಎರಡೂ ಕಡೆ ಹಿಡಿದಿದ್ದರು ಅಂದ್ಕೊಳ್ತಾರೆ."